ಹನ್ನೆರಡು ವರ್ಷದೊಳಗಿನವರಿಗೆ ಮಾತ್ರ

ನನ್ನ ತಂಗಿ ಅಂಬುಜಳಿಗೆ ಐವತ್ತೆಂಟು ವರ್ಷ. ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ಪಾರ್ಕಿನಲ್ಲಿ, ಉಯ್ಯಾಲೆಗಳ ಪಕ್ಕದ ಬೋರ್ಡಿನ ಮೇಲೆ 'ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ' ಎಂದು ಬರೆದಿದೆ. ಈ ಎರಡು ಸಂಗತಿಗಳು ನಾಲ್ಕು ವರ್ಷ ಒಂದರ ತಂಟೆಗೆ ಒಂದು ಹೋಗದೆ ಅಕ್ಕಪಕ್ಕದಲ್ಲೇ ಇದ್ದವು. ಅವೆರಡನ್ನೂ ಒಂದೇ ಹಾಳೆಯ ಮೇಲೆ ತಂದು ಕೂರಿಸಿದವನು ನಾನು.

ಅಂಬುವಿನ ಮೈ ಬೆಳೆಯಿತು, ಬುದ್ಧಿ ಐದನೆಯ ವರ್ಷಕ್ಕೇ ನಿಂತಿತು. ಅಮ್ಮ ಇರುವವರೆಗೆ ಅವಳಿಗೆ ಏನೂ ತೊಂದರೆ ಇರಲಿಲ್ಲ. ಅಮ್ಮನ ಸೆರಗು ಹಿಡಿದು ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ನಡುಮನೆಗೆ ಓಡಾಡಿಕೊಂಡಿದ್ದಳು. ಅಮ್ಮ ಹೋದಮೇಲೆ ದಿನಾ ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಹಣೆ ಚಚ್ಚಿಕೊಳ್ಳಲು ಶುರುಮಾಡಿದಳು. ಅಳುವುದಿಲ್ಲ, ಕೂಗುವುದಿಲ್ಲ. ಗೋಡೆಯ ಎದುರು ಕುಳಿತು ಟಕ್, ಟಕ್, ಟಕ್. ಹಣೆಗೆ ದಿಂಬು ಅಡ್ಡ ಹಿಡಿದರೆ ದಿಂಬು ಪಕ್ಕಕ್ಕೆ ತಳ್ಳುತ್ತಾಳೆ. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ಇಪ್ಪತ್ತು ಗಂಟೆ ನಿದ್ದೆ, ಎದ್ದಮೇಲೆ ಮತ್ತೆ ಗೋಡೆ.

ಮನೆಯಲ್ಲಿ ಇರುವವರು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ. ತಂಗಿಗಾಗಿ ತ್ಯಾಗ ಮಾಡಿದೆ ಎಂದು ನೆಂಟರು ಹೇಳುತ್ತಾರೆ. ನಿಜ ಹೇಳಬೇಕೆಂದರೆ ನೋಡಲು ಬಂದ ಮೂರು ಕಡೆಯವರೂ ಒಪ್ಪಲಿಲ್ಲ, ನಾಲ್ಕನೆಯವರಿಗೆ ಹೇಳಿಕಳಿಸುವ ಉತ್ಸಾಹ ನನಗೆ ಉಳಿಯಲಿಲ್ಲ.

ಒಂದು ದಿನ ಏನೂ ತೋಚದೆ ಅವಳನ್ನು ಪಾರ್ಕಿಗೆ ಕರೆದುಕೊಂಡು ಹೋದೆ. ಹನ್ನೊಂದು ಗಂಟೆ, ಮಕ್ಕಳೆಲ್ಲ ಸ್ಕೂಲಿನಲ್ಲಿದ್ದರು. ಅಂಬು ನನ್ನ ಕೈ ಬಿಡಿಸಿಕೊಂಡು ನೇರವಾಗಿ ಉಯ್ಯಾಲೆಗೆ ಹೋಗಿ ಕುಳಿತಳು. ಸರಪಳಿ ಹಿಡಿದು, ಕಾಲು ಮಡಚಿ, ಮುಖ ಮೇಲೆತ್ತಿ ಒಂದು ಗಂಟೆ ತೂಗಿಕೊಂಡಳು. ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ತಿಂದು ಮಲಗಿದಳು. ಆ ದಿನ ಗೋಡೆಯ ಹತ್ತಿರ ಹೋಗಲೇ ಇಲ್ಲ. ನಾನು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಅಂದಿನಿಂದ ದಿನಾ ಹನ್ನೊಂದರಿಂದ ಹನ್ನೆರಡು. ಪಾರ್ಕು ನೋಡಿಕೊಳ್ಳುವ ಮುನಿಯಕ್ಕ ಆ ಹೊತ್ತಿಗೆ ಸರಿಯಾಗಿ ಗಿಡಗಳಿಗೆ ನೀರು ಬಿಡುವ ಪೈಪನ್ನು ಎಳೆದುಕೊಂಡು ಪಾರ್ಕಿನ ಆ ತುದಿಗೆ ಹೋಗಿಬಿಡುತ್ತಿದ್ದಳು. ಕಂಟ್ರಾಕ್ಟರ್ ಕೈಕೆಳಗೆ ಕೆಲಸ ಮಾಡುವ ಹೆಂಗಸು, ದೇವನಹಳ್ಳಿ ಕಡೆಯವಳು. ಬೋರ್ಡು ಇರುವುದು ಅವಳಿಗೂ ಗೊತ್ತು, ನನಗೂ ಗೊತ್ತು. ನಾಲ್ಕು ವರ್ಷದಲ್ಲಿ ಒಂದು ಸಲವೂ ನಾವು ಆ ಮಾತು ಎತ್ತಲಿಲ್ಲ. ಎಂದಾದರೂ ಹಣ್ಣೆಲೆ ಬಿದ್ದು ಉಯ್ಯಾಲೆಯ ಹಲಗೆ ಗಲೀಜಾಗಿದ್ದರೆ ನಾವು ಬರುವುದರೊಳಗೆ ಅವಳೇ ಒರೆಸಿಟ್ಟಿರುತ್ತಿದ್ದಳು.

ಹೀಗಿರುವಾಗ ಒಂದು ಬುಧವಾರ ಮಾನಸ ಎನ್ನುವ ಹೆಣ್ಣುಮಗಳು ಎರಡು ವರ್ಷದ ಮಗುವನ್ನು ಎತ್ತಿಕೊಂಡು ಬಂದಳು. ಎದುರು ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದವಳು. ಅಂಬುವನ್ನು ನೋಡಿದಳು, ಬೋರ್ಡು ನೋಡಿದಳು, ನನ್ನನ್ನು ನೋಡಿದಳು. ಪಾಪ, ಒಂದು ಕೆಟ್ಟ ಮಾತೂ ಆಡಲಿಲ್ಲ.

"ಅಂಕಲ್, ತಪ್ಪು ತಿಳ್ಕೋಬೇಡಿ. ಇದು ಮಕ್ಕಳಿಗೆ ಅಂತ ಇದೆಯಲ್ಲ?"

"ಇವಳೂ ಮಗುನೇ ಕಣಮ್ಮ," ಎಂದೆ.

ಅವಳು ಇನ್ನೊಮ್ಮೆ ಅಂಬುವನ್ನು ನೋಡಿದಳು. ಅರ್ಥವಾಯಿತು. ಮುಖ ಸಣ್ಣಗಾಯಿತು. "ಅಯ್ಯೋ, ಸಾರಿ ಅಂಕಲ್. ಆರಾಮಾಗಿ ಆಡ್ಲಿ ಬಿಡಿ. ಆದ್ರೆ ಒಂದು ಪರ್ಮಿಷನ್ ತಗೊಂಡಿಟ್ಕೊಳ್ಳಿ, ಯಾರೂ ಕೇಳೋ ಹಾಗಿರಲ್ಲ," ಎಂದು ಹೇಳಿ ಮಗುವನ್ನು ಜಾರುಬಂಡೆಯ ಕಡೆ ಕರೆದುಕೊಂಡು ಹೋದಳು.

ಆ ಮಾತು ಅಲ್ಲಿಗೇ ಮುಗಿದುಹೋಗಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಮೂವತ್ತನಾಲ್ಕು ವರ್ಷ ದುಡಿದು, ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದ ದೊರೆಸ್ವಾಮಿ. ನನ್ನ ತಂಗಿ ಕದ್ದುಮುಚ್ಚಿ ಉಯ್ಯಾಲೆ ಆಡುತ್ತಿದ್ದಾಳೆ ಎನ್ನುವುದು ಅಂದಿನವರೆಗೆ ನನ್ನ ತಲೆಗೆ ಹೊಳೆದಿರಲೇ ಇಲ್ಲ. ಹೊಳೆದ ಮೇಲೆ ತಡೆಯಲಾಗಲಿಲ್ಲ. ನಾವೇನು ಕಳ್ಳರೇ? ಕಾಗದದ ಮೇಲೆ ಇರಲಿ, ಮೊಹರು ಇರಲಿ, ಆಮೇಲೆ ಯಾರು ಕೇಳುತ್ತಾರೋ ನೋಡೋಣ ಎಂದುಕೊಂಡೆ.

ಮುನಿಯಕ್ಕನಿಗೆ ಹೇಳಿದೆ. ಅವಳು ಪೈಪು ಕೆಳಗೆ ಹಾಕಿದಳು.

"ಬ್ಯಾಡ ಸ್ವಾಮಿ. ಯಾರೂ ಏನೂ ಅಂತಿಲ್ವಲ್ಲ."

"ನಾಳೆ ಯಾರಾದ್ರೂ ಅಂದ್ರೆ?"

"ಅಂದಾಗ ನೋಡ್ಕಳವ. ನೀವು ಕೇಳುದ್ರೆ ಅವ್ರು ಏನಾದ್ರೂ ಹೇಳ್ಲೇಬೇಕಾಯ್ತದೆ."

ಅನಕ್ಷರಸ್ಥ ಹೆಂಗಸು, ಇವಳಿಗೇನು ಗೊತ್ತು ಆಡಳಿತ ಎಂದು ಮನಸ್ಸಿನಲ್ಲೇ ನಕ್ಕೆ. ಈಗ ಆ ನಗುವನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅರ್ಜಿ ಬರೆಯಲು ಎರಡು ದಿನ ತೆಗೆದುಕೊಂಡೆ. ನಿವೃತ್ತನಾದ ಮೇಲೆ ಅಷ್ಟು ಸಂತೋಷವಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಮಾನ್ಯರೇ, ವಿಷಯ, ಉಲ್ಲೇಖ. ಅಂಬುವಿನ ವಯಸ್ಸು ಬರೆದೆ, ತೂಕ ಅರವತ್ತೊಂದು ಕೆ.ಜಿ. ಎಂದು ಬರೆದೆ, ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿದೆ. ಕಳೆದ ನಾಲ್ಕು ವರ್ಷಗಳಿಂದ ಪ್ರತಿದಿನ ಒಂದು ಗಂಟೆ ಕಾಲ ಸದರಿ ಉಯ್ಯಾಲೆಯನ್ನು ಬಳಸುತ್ತಿದ್ದು ಯಾವುದೇ ಹಾನಿಯಾಗಿರುವುದಿಲ್ಲ ಎಂದು ಬರೆದೆ. ಉದ್ಯಾನವನದ ನಿರ್ವಹಣೆ ಮಾಡುತ್ತಿರುವ ಶ್ರೀಮತಿ ಮುನಿಯಕ್ಕನವರು ಮಾನವೀಯ ದೃಷ್ಟಿಯಿಂದ ಸಂಪೂರ್ಣ ಸಹಕಾರ ನೀಡುತ್ತಿದ್ದು ಅವರ ಸೇವೆ ಶ್ಲಾಘನೀಯ ಎಂದೂ ಒಂದು ವಾಕ್ಯ ಸೇರಿಸಿದೆ. ಅವಳಿಗೂ ಒಳ್ಳೆಯದಾಗಲಿ ಎಂದು.

ಕೊನೆಯಲ್ಲಿ 'ಪ್ರತಿಗಳು' ಎಂದು ಬರೆದು ಆರು ಕಚೇರಿಗಳ ಹೆಸರು ಹಾಕಿದೆ. ಇದು ನನ್ನ ಕಸುಬಿನ ಗುಟ್ಟು. ಒಂದೇ ಕಚೇರಿಗೆ ಹೋದ ಅರ್ಜಿ ಯಾವುದೋ ಮೇಜಿನಡಿ ಬಿದ್ದು ಸಾಯುತ್ತದೆ. ಆರು ಕಡೆ ಹೋದರೆ ಒಬ್ಬರು ಇನ್ನೊಬ್ಬರನ್ನು ಏನು ಕ್ರಮ ಕೈಗೊಂಡಿರಿ ಎಂದು ಕೇಳಲೇಬೇಕು. ಸಾಯದ ಹಾಗೆ ಅರ್ಜಿ ಬರೆಯುವುದರಲ್ಲಿ ನಮ್ಮ ಕಚೇರಿಯಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಗಳನ್ನು ಪಿನ್ನು ಹಾಕಿಟ್ಟೆ.

ಹದಿನೆಂಟನೆಯ ದಿನಕ್ಕೆ ಉತ್ತರದ ಬದಲು ಮನುಷ್ಯನೇ ಬಂದ. ಅನಿಲ್ ಕುಮಾರ್ ಎಂದು, ಪಾರ್ಕುಗಳ ವಿಭಾಗದ ಎಂಜಿನಿಯರ್, ಮೂವತ್ತು ವರ್ಷದ ಹುಡುಗ. ಅಂಬು ತೂಗಿಕೊಳ್ಳುತ್ತಿದ್ದಳು. ಅವನು ಕೈಯಲ್ಲಿ ನನ್ನ ಅರ್ಜಿ ಹಿಡಿದುಕೊಂಡು ಅವಳನ್ನು ನೋಡುತ್ತ ನಿಂತ. ಉಯ್ಯಾಲೆಯ ಕಂಬ, ಸರಪಳಿಯ ಕೊಂಡಿ ಮುಟ್ಟಿ ನೋಡಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

"ಸರ್, ಇದನ್ನ ಯಾಕೆ ಬರೆದ್ರಿ?"

"ಅನುಮತಿ ಬೇಕಿತ್ತು."

"ಅನುಮತಿ ಇಲ್ದೇನೇ ನಡೀತಿತ್ತಲ್ಲ ಸರ್. ನಾನೇ ಎರಡು ಸಲ ಇನ್ಸ್‌ಪೆಕ್ಷನ್‌ಗೆ ಬಂದಾಗ ನೋಡಿದೀನಿ. ನೋಡಿ ಸುಮ್ಮನೆ ಹೋಗಿದೀನಿ."



"ಈಗ ಏನಾಗತ್ತೆ?" ಎಂದೆ.

"ಉಯ್ಯಾಲೆ ಕೊಟ್ಟ ಕಂಪನಿಯವ್ರು ಮೂವತ್ತೈದು ಕೆ.ಜಿ. ಅಂತ ಬರೆದುಕೊಟ್ಟಿದಾರೆ. ನೀವು ಅರವತ್ತೊಂದು ಅಂತ ಬರೆದುಕೊಟ್ಟಿದೀರಿ. ಇವೆರಡನ್ನೂ ಫೈಲಲ್ಲಿಟ್ಕೊಂಡು ನಾನು ಹೂಂ ಅಂತ ಸೈನ್ ಮಾಡಕ್ಕಾಗತ್ತಾ? ನಾಳೆ ಅವ್ರು ಬಿದ್ರೆ ನನ್ನ ಕುತ್ತಿಗೆಗೆ ಬರತ್ತೆ."

"ಹಾಗಾದ್ರೆ ಫೈಲು ಹಾಗೇ ಇಟ್ಬಿಡಿ. ಉತ್ತರನೇ ಕೊಡಬೇಡಿ," ಎಂದೆ. ಮೂವತ್ತನಾಲ್ಕು ವರ್ಷ ಜನರಿಗೆ ಉತ್ತರ ಕೊಡದೆ ಸತಾಯಿಸಿದ ಇಲಾಖೆಯವನು ಉತ್ತರ ಕೊಡಬೇಡಿ ಎಂದು ಅಂಗಲಾಚಿದೆ.

ಅವನು ನನ್ನ ಅರ್ಜಿಯ ಕೊನೆಯ ಪುಟ ತಿರುಗಿಸಿ ಆರು ಕಚೇರಿಗಳ ಪಟ್ಟಿಯ ಮೇಲೆ ಬೆರಳಿಟ್ಟ. "ನಾಲ್ಕು ಕಡೆಯಿಂದ ನನಗೆ ರಿಮೈಂಡರ್ ಬಂದಿದೆ ಸರ್," ಎಂದ. ದನಿಯಲ್ಲಿ ಕೋಪ ಇರಲಿಲ್ಲ. ಅವನು ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಅಂದೇ ಅರ್ಜಿ ಹಿಂತೆಗೆದುಕೊಂಡಿದ್ದೇನೆ ಎಂದು ಇನ್ನೊಂದು ಅರ್ಜಿ ಬರೆದು ನಾನೇ ಕಚೇರಿಗೆ ಹೋಗಿ ಕೊಟ್ಟೆ. ಟಪಾಲು ಗುಮಾಸ್ತೆ ಅದನ್ನು ಓದಿ, ನಂಬರು ಹಾಕಿ, ಮೊದಲಿನ ಅರ್ಜಿಯ ಹಿಂದೆ ಸೇರಿಸಿದಳು. ಫೈಲು ಒಂದು ಹಾಳೆ ದಪ್ಪವಾಯಿತು, ಅಷ್ಟೇ.

ಮುಂದಿನ ತಿಂಗಳು ಆದೇಶ ಬಂತು. ಸುರಕ್ಷತೆಯ ದೃಷ್ಟಿಯಿಂದ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ನನ್ನ ಕಚೇರಿಯಲ್ಲಿ ಈ ವಾಕ್ಯವನ್ನು ನಾನೇ ಎಷ್ಟು ಸಾವಿರ ಸಲ ಬರೆದಿದ್ದೆನೋ. ಅದನ್ನು ಪಡೆದು ಓದುವವನಿಗೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಆಟದ ಜಾಗದ ಸುತ್ತ ಎದೆಮಟ್ಟದ ಗ್ರಿಲ್ ಹಾಕಿದರು, ಅದಕ್ಕೊಂದು ಗೇಟು, ಗೇಟಿಗೆ ನಂದೀಶ್ ಎನ್ನುವ ಯೂನಿಫಾರಂ ಹಾಕಿದ ಗಾರ್ಡು. ಮುನಿಯಕ್ಕ ಇರಲಿಲ್ಲ. ನಿಯಮ ಮೀರಿ ನಾಲ್ಕು ವರ್ಷ ಅವಕಾಶ ಕೊಟ್ಟದ್ದಕ್ಕೆ ಕಂಟ್ರಾಕ್ಟರನಿಗೆ ನೋಟಿಸು ಹೋಗಿತ್ತು. ನೋಟಿಸಿನಲ್ಲಿ ಅವಳ ಹೆಸರು, ಸಾಕ್ಷಿಗೆ ನನ್ನ ಹೊಗಳಿಕೆಯ ವಾಕ್ಯ.

ಅವಳನ್ನು ಎಲ್ಲಿಗೆ ಹಾಕಿದ್ದಾರೆ ಎಂದು ಹುಡುಕಲು ನಾಲ್ಕು ದಿನ ಬೇಕಾಯಿತು. ತರಗುಪೇಟೆಯಲ್ಲಿ ರಸ್ತೆ ಗುಡಿಸುತ್ತಿದ್ದಳು. ಬೆಳಗ್ಗೆ ಏಳು ಗಂಟೆ, ಲಾರಿಗಳಿಂದ ಬೇಳೆ ಮೂಟೆ ಇಳಿಸುತ್ತಿದ್ದರು. ಚೆಲ್ಲಿದ ಬೇಳೆ, ಧೂಳು ಒಟ್ಟಿಗೆ ಗುಡ್ಡೆ ಹಾಕುತ್ತ ಬಾಯಿಗೆ ಸೆರಗು ಕಟ್ಟಿಕೊಂಡಿದ್ದಳು. ಪಾರ್ಕಿನಲ್ಲಿ ನೆರಳಿತ್ತು, ನೀರಿತ್ತು. ನನ್ನನ್ನು ನೋಡಿ ಸೆರಗು ಬಿಚ್ಚಿದಳು.

"ಅಮ್ಮಯ್ಯ ಊಟ ಮಾಡ್ತವ್ರಾ ಸ್ವಾಮಿ?"

ಮೊದಲು ಕೇಳಿದ್ದು ಅಂಬುವಿನ ಸಂಗತಿಯನ್ನೇ. ಅವಳ ಕಾಲು ಹಿಡಿಯಬೇಕಿತ್ತು. ಅದರ ಬದಲು ನಾನು ಹೇಳಿದ್ದು ಏನು ಗೊತ್ತೇ? "ಮುನಿಯಕ್ಕ, ನಿಮ್ಮನ್ನ ವಾಪಸ್ ಪಾರ್ಕಿಗೆ ಹಾಕ್ಸೋಕೆ ನಾನು ಮೇಲಿನವರಿಗೆ ಬರೀತೀನಿ," ಎಂದುಬಿಟ್ಟೆ. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ.

ಅವಳು ಪೊರಕೆ ಕೆಳಗೆ ಹಾಕಿ ಎರಡೂ ಕೈ ಮುಗಿದಳು. "ನಿಮ್ಮ ದಮ್ಮಯ್ಯ ಅಂತೀನಿ. ನನ್ ಹೆಸ್ರು ಇನ್ನೆಲ್ಲೂ ಬರೀಬ್ಯಾಡಿ. ಇದೂ ಹೋಯ್ತದೆ."

ಮನೆಯಲ್ಲಿ ಗೋಡೆ ಮತ್ತೆ ಶುರುವಾಗಿತ್ತು. ನಾವಿರುವುದು ಬಾಡಿಗೆ ಮನೆ. ಸೂರಿಗೆ ಕೊಕ್ಕೆ ಹೊಡೆಸುತ್ತೇನೆ ಎಂದರೆ ಮಾಲೀಕರು ತಾರಸಿ ಬಿರುಕು ಬಿಡುತ್ತದೆ ಎಂದು ಒಪ್ಪಲಿಲ್ಲ. ಸ್ಟ್ಯಾಂಡಿನಲ್ಲಿ ನೇತುಹಾಕುವ ಬೆತ್ತದ ಬುಟ್ಟಿಯಂಥ ಉಯ್ಯಾಲೆಯನ್ನು ತರಿಸಿ ನಡುಮನೆಯಲ್ಲಿ ಇಟ್ಟೆ. ಅಂಬು ಅದರ ಸುತ್ತ ಒಂದು ಸುತ್ತು ಬಂದು, ಒಗೆದ ಬಟ್ಟೆ ತಂದು ಅದರೊಳಗೆ ತುಂಬಿದಳು. ಕೂರಿಸಿದರೆ ಎದ್ದುಬಿಡುತ್ತಿದ್ದಳು. ಅವಳಿಗೆ ಬೇಕಾದದ್ದು ಮುಖಕ್ಕೆ ಗಾಳಿಯೋ, ಮೇಲೆ ಕಾಣುವ ಮರವೋ, ಎತ್ತರವೋ, ನನಗೆ ಗೊತ್ತಾಗುವುದಿಲ್ಲ. ಅಷ್ಟನ್ನು ಬಿಡಿಸಿ ಹೇಳಲು ಅವಳಿಗೆ ಬರುವುದಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವುದನ್ನು ಮಾತ್ರ ಅವಳು ಬಿಡಲಿಲ್ಲ. ಒಂದು ದಿನ ಕರೆದುಕೊಂಡು ಹೋದೆ. ಗ್ರಿಲ್ಲಿನ ಆಚೆ ಎರಡು ಉಯ್ಯಾಲೆಗಳು ಖಾಲಿ ತೂಗುತ್ತಿದ್ದವು. ನಂದೀಶ್ ಕೆಟ್ಟವನಲ್ಲ. "ಆರ್ಡರ್ ಸರ್, ಕ್ಯಾಮೆರಾ ಬೇರೆ ಹಾಕಿದಾರೆ," ಎಂದು ತಲೆ ತಗ್ಗಿಸಿದ. ಅಂಬು ಗ್ರಿಲ್ಲು ಹಿಡಿದು ನಿಂತಳು. ಸರದಿ ಬಂದಾಗ ಸಿಗುತ್ತದೆ ಎಂದುಕೊಂಡಳೋ ಏನೋ, ಒಂದು ಗಂಟೆ ಅಲುಗಾಡಲಿಲ್ಲ. ಹನ್ನೆರಡು ಹೊಡೆದಾಗ ನನ್ನ ಕಡೆ ತಿರುಗಿ, "ಅಣ್ಣ, ನಾನು ತಪ್ಪು ಮಾಡಿದ್ನಾ?" ಎಂದು ಕೇಳಿದಳು.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಅಂಬುವಿನ ಹಣೆಗೆ ಅರಿಶಿನ ಹಚ್ಚುತ್ತ, ನಾನು ಸತ್ತರೆ ಇವಳ ಗತಿಯೇನು ಎಂದು ಸದಾ ಯೋಚಿಸುತ್ತಿದ್ದವನು, ಬದುಕಿರುವಾಗಲೇ ಇವಳಿಗೆ ಈ ಗತಿ ತಂದೆನಲ್ಲ ಎಂದು ಯೋಚಿಸಿದೆ.

ಈ ಪಾರ್ಕು ಇಲ್ಲದಿದ್ದರೆ ಇನ್ನೊಂದು ಎಂದು ಹುಡುಕಲು ಹೊರಟೆ. ಬಸವನಗುಡಿಯಲ್ಲಿ ಎರಡು ಕಡೆ ನೋಡಿದೆವು, ಎರಡು ಕಡೆಯೂ ಗಾರ್ಡು ಅಡ್ಡ ನಿಂತ. ಕೊನೆಗೆ ಆಟೋ ಮಾಡಿಕೊಂಡು ಶೇಷಾದ್ರಿಪುರಂ ದಾಟಿ ಮಲ್ಲೇಶ್ವರದ ಕಡೆ ಒಂದು ಸಣ್ಣ ಪಾರ್ಕಿಗೆ ಹೋದೆವು. ಇಷ್ಟು ದೂರ ನನ್ನ ಕಾಗದದ ನೆರಳು ಬಿದ್ದಿರಲಾರದು ಎಂದು ನನ್ನ ಲೆಕ್ಕ.

ಅಲ್ಲಿ ಉಯ್ಯಾಲೆಗೆ ಗ್ರಿಲ್ ಇರಲಿಲ್ಲ. ಸರಪಳಿಗಳನ್ನು ಮೇಲಕ್ಕೆತ್ತಿ ಕಂಬಕ್ಕೆ ಸುತ್ತಿ ಬೀಗ ಹಾಕಿದ್ದರು. ಪಕ್ಕದ ಕಲ್ಲುಬೆಂಚಿನ ಮೇಲೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕುಳಿತಿದ್ದರು. ಅವರ ಭುಜಕ್ಕೆ ತಲೆ ಒರಗಿಸಿಕೊಂಡು ಮಗಳು, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಆ ಹುಡುಗಿ ಹಿಂದಕ್ಕೂ ಮುಂದಕ್ಕೂ ಒಂದೇ ಸಮನೆ ಮೈ ತೂಗುತ್ತಿದ್ದಳು. ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಆಕೆಗೂ ಹೇಳಬೇಕಾಗಿರಲಿಲ್ಲ. ಅಂಬುವನ್ನು ನೋಡಿ ಸರಿದು ಜಾಗ ಮಾಡಿಕೊಟ್ಟರು. ಹೆಸರು ಶೈಲಜಮ್ಮ, ಮಗಳು ನಂದಿತಾ.

"ಮಕ್ಕಳು ಬರೋ ಹೊತ್ತಿಗೆ, ಸಂಜೆ ಮಾತ್ರ ಬಿಚ್ತಾರೆ ಈಗ," ಎಂದರು ಶೈಲಜಮ್ಮ. "ಆಗ ಇವಳನ್ನ ಹತ್ತಿರ ಸೇರ್ಸಲ್ಲ. ಹೋದ ತಿಂಗಳವರೆಗೂ ಪಾಪ ಇಲ್ಲಿನ ಮಾಲಿ ಬಿಡ್ತಿದ್ದ, ಆರು ವರ್ಷದಿಂದ. ಎಲ್ಲಾ ಪಾರ್ಕಿಗೂ ಸರ್ಕ್ಯುಲರ್ ಬಂತಂತೆ. ಚಾಮರಾಜಪೇಟೆಯಿಂದ ಯಾರೋ ಪುಣ್ಯಾತ್ಮ ಅರ್ಜಿ ಹಾಕಿದ್ನಂತೆ ಸಾರ್. ಏನು ಸಿಕ್ಕಿತೋ ಅವನಿಗೆ."

ನಾನು ಸುಮ್ಮನಿರಬಹುದಿತ್ತು. ಆಟೋ ಹತ್ತಿ ಬಂದುಬಿಡಬಹುದಿತ್ತು. ಆದರೆ ನಂದಿತಾಳ ಕೆಳತುಟಿಯ ಮೇಲೆ ಹಸಿ ಗಾಯವಿತ್ತು, ಅವಳೇ ಕಚ್ಚಿಕೊಂಡದ್ದು. ಅಂಬು ಅದನ್ನೇ ನೋಡುತ್ತಿದ್ದಳು.

"ಅಮ್ಮ, ಆ ಅರ್ಜಿ ಹಾಕಿದ್ದು ನಾನೇ," ಎಂದೆ. "ಇವಳಿಗೆ ಬಿಡಿ ಅಂತ ಕೇಳೋಕೆ ಹಾಕ್ದೆ. ನಿಲ್ಸಿ ಅಂತ ಅಲ್ಲ."

ಬೈಗುಳಕ್ಕೆ ಮೈ ಒಡ್ಡಿ ಕುಳಿತೆ. ಶೈಲಜಮ್ಮ ಬೈಯಲಿಲ್ಲ. ನನ್ನ ಕಡೆ ಪೂರ್ತಿ ತಿರುಗಿ ಕುಳಿತರು. ಅವರ ಮುಖದಲ್ಲಿ, ದೇವರೇ, ಆಸೆ ಕಾಣಿಸಿತು.

"ಹಾಗಾದ್ರೆ ನಿಮಗೆ ಈ ಆಫೀಸು ವ್ಯವಹಾರ ಎಲ್ಲಾ ಗೊತ್ತು ಅನ್ನಿ," ಎಂದರು. "ನನಗೆ ಯಾರೂ ದಿಕ್ಕಿಲ್ಲ ಸಾರ್, ಯಾರ ಹತ್ರ ಹೋಗ್ಬೇಕು ಅಂತಾನೇ ಗೊತ್ತಿರ್ಲಿಲ್ಲ. ಈಗ ಯಾರನ್ನ ಕೇಳ್ಬೇಕು, ಹೇಳಿ. ನಾನೂ ಬರ್ತೀನಿ ನಿಮ್ಮ ಜೊತೆ."

ಯಾರನ್ನು ಕೇಳಬೇಕು. ಎಲ್ಲರನ್ನೂ ಕೇಳಿದ್ದೆ. ಕೇಳಬೇಕಾದವರು, ಬೇಡದವರು, ಒಬ್ಬರನ್ನೂ ಬಿಟ್ಟಿರಲಿಲ್ಲ. ಎಲ್ಲರೂ ಉತ್ತರ ಕೊಟ್ಟಿದ್ದರು. ಇದನ್ನು ಆಕೆಗೆ ಯಾವ ಬಾಯಿಯಿಂದ ಹೇಳಲಿ? ಶೈಲಜಮ್ಮ ಕಾಯುತ್ತಿದ್ದರು. ಚೀಲದಿಂದ ಮಗಳ ಪ್ರಮಾಣಪತ್ರದ ಜೆರಾಕ್ಸ್ ಪ್ರತಿಗಳನ್ನು ತೆಗೆದು, ಮಡಿಕೆ ಬಿಡಿಸಿ, ತೊಡೆಯ ಮೇಲೆ ಅಂಗೈಯಿಂದ ಸವರಿ ನೇರ ಮಾಡುತ್ತಿದ್ದರು.

"ಎಷ್ಟು ಕಾಪಿ ಬೇಕಾಗತ್ತೆ ಸಾರ್?" ಎಂದು ಕೇಳಿದರು.